ಡ್ರಾಫ್ಟ್‌ಗೆ ಗ್ರೇಡ್ ಕೊಡುವುದು ಹೇಗೆ: ಎನ್‌ಎಫ್‌ಎಲ್ ತಂಡಗಳ ಆಯ್ಕೆಯ ಲೆಕ್ಕಾಚಾರ

ಏಪ್ರಿಲ್ ಕೊನೆಯ ವಾರ ಅಮೆರಿಕದಲ್ಲಿ ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್‌ನ ಡ್ರಾಫ್ಟ್ ನಡೆಯುತ್ತದೆ. ಗುರುವಾರ ಮೊದಲ ರೌಂಡ್, ಶುಕ್ರವಾರ ಎರಡು ಮತ್ತು ಮೂರು, ಶನಿವಾರ ಉಳಿದ ನಾಲ್ಕು. 32 ತಂಡಗಳು ಸೇರಿ 250ಕ್ಕೂ ಹೆಚ್ಚು ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಭಾನುವಾರ ಬೆಳಗಾಗುವಷ್ಟರಲ್ಲಿ ಎಲ್ಲ ಕ್ರೀಡಾ ಪುಟಗಳಲ್ಲೂ ಶಾಲೆಯ ಪ್ರೋಗ್ರೆಸ್ ಕಾರ್ಡ್ ತರಹ ಒಂದು ಪಟ್ಟಿ: ಈ ತಂಡಕ್ಕೆ ಎ, ಆ ತಂಡಕ್ಕೆ ಬಿ ಪ್ಲಸ್, ಪಾಪ ಇನ್ನೊಂದಕ್ಕೆ ಡಿ. ಆ ಹುಡುಗರಲ್ಲಿ ಒಬ್ಬನೂ ವೃತ್ತಿಪರ ಆಟಗಾರನಾಗಿ ಇನ್ನೂ ಚೆಂಡು ಮುಟ್ಟಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಅಲ್ಲವೇ?

ಹೌದು, ಬಹಳಷ್ಟು ಗ್ರೇಡ್‌ಗಳು ಕುಲಾವಿಗಳೇ. ಆದರೆ ಆ ಭಾನುವಾರವೇ ನ್ಯಾಯವಾಗಿ ಅಳೆಯಬಹುದಾದ ಒಂದು ಸಂಗತಿ ಇದೆ. ಹುಡುಗ ಮುಂದೆ ಏನಾಗುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ, ಅದನ್ನು ಬಿಡಿ. ತಂಡದ ಕೈಯಲ್ಲಿದ್ದ ಬಂಡವಾಳ ಎಷ್ಟು, ಅದನ್ನು ಎಷ್ಟಕ್ಕೆ ಖರ್ಚು ಮಾಡಿತು ಎಂಬುದು ಅಂದೇ ಗೊತ್ತಿರುತ್ತದೆ. ನಾನು ಇವತ್ತು ಹೇಳುವ ಲೆಕ್ಕವೆಲ್ಲ ಅದರ ಸುತ್ತಲೇ.

ನಮಗೆ ಐಪಿಎಲ್ ಹರಾಜು ಗೊತ್ತು, ಆದ್ದರಿಂದ ಮೊದಲು ವ್ಯತ್ಯಾಸ ಸ್ಪಷ್ಟ ಮಾಡಿಕೊಳ್ಳೋಣ. ಹರಾಜಿನಲ್ಲಿ ನಾಣ್ಯ ಎಂದರೆ ದುಡ್ಡು. ಡ್ರಾಫ್ಟ್‌ನಲ್ಲಿ ನಾಣ್ಯ ಎಂದರೆ ಸರದಿ, ಅಂದರೆ ಪಿಕ್. ಹಿಂದಿನ ಸೀಸನ್‌ನಲ್ಲಿ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಪಿಕ್, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡಕ್ಕೆ 32ನೆಯದು. ಆರಿಸಿಕೊಂಡ ಹುಡುಗನ ಸಂಬಳ ಹೆಚ್ಚೂಕಡಿಮೆ ಮೊದಲೇ ನಿಗದಿ. 2011ರ ಕಾರ್ಮಿಕ ಒಪ್ಪಂದಕ್ಕೆ ಮೊದಲು ಹೀಗಿರಲಿಲ್ಲ. 2010ರಲ್ಲಿ ಮೊದಲ ಪಿಕ್ ಆದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ, ಅದರಲ್ಲಿ 5 ಕೋಟಿ ಖಾತರಿ. ಮರುವರ್ಷ ಅದೇ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಒಂದೇ ವರ್ಷದಲ್ಲಿ ಮೊದಲ ಪಿಕ್ ಶಾಪದಿಂದ ವರವಾಯಿತು. ಇವತ್ತು ಗ್ರೇಡ್ ಕೊಡುವವರು ಈ ಗೆರೆಯನ್ನು ಮರೆಯಬಾರದು. 2010 ಮತ್ತು ಅದರ ಹಿಂದಿನ ಡ್ರಾಫ್ಟ್‌ಗಳ ಲೆಕ್ಕವೇ ಬೇರೆ.

ಸ್ವಲ್ಪ ದಾರಿ ತಪ್ಪುತ್ತೇನೆ. ನಮ್ಮ ಐಪಿಎಲ್‌ನಲ್ಲೂ ಒಮ್ಮೆ ಸಣ್ಣ ಡ್ರಾಫ್ಟ್ ನಡೆದಿತ್ತು. 2008ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಹರಾಜಿಗೆ ಹಾಕದೆ ಸರದಿಯ ಮೇಲೆ ಹಂಚಿದರು. ಮೊದಲ ಸರದಿ ದೆಹಲಿಯದು. ಅವರ ಬಳಿ ಸೆಹ್ವಾಗ್, ಗಂಭೀರ್ ಎಲ್ಲ ಇದ್ದರು, ಬ್ಯಾಟಿಂಗ್ ತುಂಬಿ ತುಳುಕುತ್ತಿತ್ತು. ಎಡಗೈ ವೇಗಿ ಪ್ರದೀಪ್ ಸಂಗ್ವಾನ್‌ನನ್ನು ತೆಗೆದುಕೊಂಡರು. ದೆಹಲಿಯದೇ ಹುಡುಗ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದ. ಈ ಕಥೆ ನೆನಪಿರಲಿ, ಮತ್ತೆ ಬೇಕಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಒಂದು ಹಾಳೆ ತೆಗೆದುಕೊಂಡು ತಂಡದ ಪ್ರತಿ ಪಿಕ್‌ಗೂ ಒಂದು ಸಾಲು ಬರೆಯಿರಿ. ಮೊದಲ ಕಾಲಂನಲ್ಲಿ ಪಿಕ್ ಸಂಖ್ಯೆ, ಎರಡನೆಯದರಲ್ಲಿ ಆ ಪಿಕ್‌ನ ಬೆಲೆ. ಬೆಲೆ ಎಲ್ಲಿಂದ ಬರುತ್ತದೆ? 90ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಬಳಿ ಪಿಕ್‌ಗಳ ರಾಶಿಯೇ ಇತ್ತು. 1989ರಲ್ಲಿ ಹರ್ಷೆಲ್ ವಾಕರ್‌ನನ್ನು ಮಿನ್ನೆಸೋಟಕ್ಕೆ ಕೊಟ್ಟು ಗಳಿಸಿದ್ದು. ಅಷ್ಟೊಂದು ಪಿಕ್ ಮಾರಿ ಕೊಳ್ಳುವಾಗ ಮೋಸ ಹೋಗಬಾರದೆಂದು ಒಂದು ದರಪಟ್ಟಿ ಮಾಡಿಕೊಂಡರು. ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲೇ ಅದು ಪ್ರಸಿದ್ಧ. ಮೊದಲ ಪಿಕ್‌ಗೆ 3000 ಅಂಕ, ಎರಡಕ್ಕೆ 2600, ಮೂರಕ್ಕೆ 2200, ಹತ್ತಕ್ಕೆ 1300, ಹದಿನಾರಕ್ಕೆ 1000, ಮೂವತ್ತೆರಡಕ್ಕೆ 590, ನೂರಕ್ಕೆ 100.

ಇದು ಎಷ್ಟು ಕರಾರುವಾಕ್ಕಾಗಿ ಚಲಾವಣೆಯಲ್ಲಿದೆ ಎಂಬುದಕ್ಕೆ ಒಂದು ಉದಾಹರಣೆ. 2023ರಲ್ಲಿ ಡೆಟ್ರಾಯಿಟ್ ಲಯನ್ಸ್ ತನ್ನ 6 ಮತ್ತು 81ನೇ ಪಿಕ್‌ಗಳನ್ನು ಅರಿಜೋನಾಕ್ಕೆ ಕೊಟ್ಟು 12, 34 ಮತ್ತು 168 ಪಡೆಯಿತು. ಕೂಡಿ ನೋಡಿ: ಕೊಟ್ಟದ್ದು 1600 ಮತ್ತು 185, ಒಟ್ಟು 1785. ಪಡೆದದ್ದು 1200, 560 ಮತ್ತು ಸುಮಾರು 24, ಒಟ್ಟು 1784. ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಂಡಷ್ಟು ನಿಖರ.

ಹಾಗೆಂದು ಈ ಪಟ್ಟಿ ಸತ್ಯವಾಕ್ಯ ಅಂದುಕೊಳ್ಳಬೇಡಿ. ಇದು ಮಾರುಕಟ್ಟೆಯ ಬೆಲೆ. ಮಾಲಿನ ಯೋಗ್ಯತೆ ಬೇರೆ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ಇದನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಥೇಲರ್‌ಗೆ ಆಮೇಲೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡದ್ದು: ಮೇಲಿನ ಪಿಕ್‌ಗಳಿಗೆ ತಂಡಗಳು ಕೊಡುವ ಬೆಲೆ ಆ ಆಟಗಾರರ ಆಟಕ್ಕಿಂತ ಬಹಳ ಕಡಿದಾಗಿ ಏರುತ್ತದೆ. ಇನ್ನೊಂದು ಸಂಖ್ಯೆ ನನಗೆ ಅದಕ್ಕಿಂತ ಮುಖ್ಯ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರನ್ನು ಒಬ್ಬರ ಹಿಂದೆ ಒಬ್ಬರಂತೆ ಆರಿಸಿದಾಗ, ಮೊದಲು ಆರಿಸಿದವನೇ ಉತ್ತಮನಾಗುವ ಸಾಧ್ಯತೆ ಕೇವಲ 52 ಶೇಕಡಾ. ನಾಣ್ಯ ಚಿಮ್ಮಿದರೆ 50. ಇಷ್ಟೊಂದು ಸ್ಕೌಟ್‌ಗಳು, ವಿಡಿಯೋಗಳು, ಇಂಡಿಯಾನಾಪೊಲಿಸ್‌ನ ಕಂಬೈನ್ ಎಂಬ ಪರೀಕ್ಷಾ ಶಿಬಿರದಲ್ಲಿ 40 ಗಜದ ಓಟ, 225 ಪೌಂಡ್ ಎತ್ತುವುದು, ವೈದ್ಯಕೀಯ ತಪಾಸಣೆ, ಎಲ್ಲ ಸೇರಿ ನಾಣ್ಯಕ್ಕಿಂತ ಎರಡು ಹೆಜ್ಜೆ ಮುಂದೆ.

ಈ ಎರಡನ್ನೂ ಜೋಡಿಸಿ 2017ಕ್ಕೆ ಹೋಗೋಣ. ಶಿಕಾಗೋ ಬೇರ್ಸ್ ಬಳಿ 3ನೇ ಪಿಕ್ ಇತ್ತು. ಒಂದೇ ಒಂದು ಮೆಟ್ಟಿಲು ಮೇಲೇರಿ 2ಕ್ಕೆ ಹೋಗಲು ಸ್ಯಾನ್ ಫ್ರಾನ್ಸಿಸ್ಕೋಗೆ ತನ್ನ 3ರ ಜೊತೆ 67, 111 ಮತ್ತು ಮರುವರ್ಷದ ಮೂರನೇ ರೌಂಡಿನ ಪಿಕ್ ಕೊಟ್ಟಿತು. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮಿಚೆಲ್ ಟ್ರುಬಿಸ್ಕಿಗಾಗಿ. ದರಪಟ್ಟಿ ಏನು ಹೇಳುತ್ತದೆ? 2 ಮತ್ತು 3ರ ಅಂತರ 400. 67ಕ್ಕೆ 255, 111ಕ್ಕೆ 72, ಸೇರಿ 327. ಮುಂದಿನ ವರ್ಷದ ಪಿಕ್ ಅನ್ನು ಒಂದು ರೌಂಡ್ ಕೆಳಗಿಳಿಸಿ ಲೆಕ್ಕ ಹಾಕುವುದು ರೂಢಿ. ಹಾಗಾಗಿ ಮೂರನೇ ರೌಂಡಿನದು ನಾಲ್ಕನೇ ರೌಂಡಿನ ನಡುವಿನ ಪಿಕ್‌ನಷ್ಟು, ಸುಮಾರು 70. ಒಟ್ಟು 397. ಪಟ್ಟಿ ಪ್ರಕಾರ ವ್ಯಾಪಾರ ಚೊಕ್ಕ! ಬರೀ ಪಟ್ಟಿ ನೋಡಿ ಗ್ರೇಡ್ ಕೊಡುವವರು ಇಲ್ಲಿ ಬಿ ಕೊಟ್ಟು ಮುಂದೆ ಹೋಗುತ್ತಾರೆ.

ಈಗ 52 ಶೇಕಡಾವನ್ನು ಪಕ್ಕದಲ್ಲಿಡಿ. ಆ ವರ್ಷ ಮುಂಚೂಣಿಯಲ್ಲಿ ಮೂವರು ಕ್ವಾರ್ಟರ್‌ಬ್ಯಾಕ್‌ಗಳಿದ್ದರು: ಟ್ರುಬಿಸ್ಕಿ, ಪ್ಯಾಟ್ರಿಕ್ ಮಹೋಮ್ಸ್, ಡಿಶಾನ್ ವಾಟ್ಸನ್. ಬೇರ್ಸ್ 3ರಲ್ಲೇ ಕೂತಿದ್ದರೂ ಮೂವರಲ್ಲಿ ಕನಿಷ್ಠ ಇಬ್ಬರು ಉಳಿದಿರುತ್ತಿದ್ದರು. ಅಂದರೆ ಅವರು ಮೂರು ಪಿಕ್ ಸುರಿದು ಕೊಂಡದ್ದು ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನಲ್ಲ. ಹೆಚ್ಚೂಕಡಿಮೆ ಸಮಾನರಾದ ಮೂವರಲ್ಲಿ ಇವನೇ ಬೇಕು ಎನ್ನುವ ಹಕ್ಕನ್ನು. ಅದೂ ನಾರ್ತ್ ಕ್ಯಾರೊಲಿನಾದಲ್ಲಿ 13 ಪಂದ್ಯಗಳನ್ನಷ್ಟೇ ಆರಂಭಿಸಿದ್ದ ಹುಡುಗನಿಗಾಗಿ. ಮಹೋಮ್ಸ್ ಮುಂದೆ ದೊಡ್ಡ ತಾರೆಯಾಗುತ್ತಾನೆ ಎಂದು ಗೊತ್ತಿಲ್ಲದೆಯೂ ಆ ರಾತ್ರಿಯೇ ಈ ನಿರ್ಧಾರಕ್ಕೆ ಡಿ ಕೊಡಬಹುದಿತ್ತು.

ಹಾಗಾದರೆ ಮಹೋಮ್ಸ್‌ಗಾಗಿ ಕ್ಯಾನ್ಸಾಸ್ ಸಿಟಿಯೂ ಮೇಲೇರಿತಲ್ಲ ಎಂದು ನೀವು ಕೇಳಬಹುದು. ಏರಿತು. 27ರಿಂದ 10ಕ್ಕೆ, 27, 91 ಮತ್ತು ಮರುವರ್ಷದ ಮೊದಲ ರೌಂಡಿನ ಪಿಕ್ ಕೊಟ್ಟು. 680, 136, ಮತ್ತು ಮುಂದಿನ ಮೊದಲ ರೌಂಡನ್ನು ಎರಡನೇ ರೌಂಡಿನ ನಡುವಿಗೆ ಇಳಿಸಿದರೆ 420. ಒಟ್ಟು 1236, ಪಡೆದದ್ದು 1300. ಬೆಲೆಗಿಂತ ಮುಖ್ಯವಾದ ವ್ಯತ್ಯಾಸ ಇದು: 27ರಲ್ಲಿ ಕೂತಿದ್ದರೆ ಮೂವರಲ್ಲಿ ಒಬ್ಬನೂ ಸಿಗುತ್ತಿರಲಿಲ್ಲ. ಏರಿದ್ದರಿಂದ ಇಲ್ಲದ್ದು ಸಿಕ್ಕಿತು. ಬೇರ್ಸ್ ಏರಿದ್ದರಿಂದ ಇದ್ದದ್ದಕ್ಕೆ ಹೆಸರು ಬರೆಸಿಕೊಂಡಂತಾಯಿತು.

ಮುಂದಿನ ವರ್ಷದ ಪಿಕ್ ಅನ್ನು ಒಂದು ರೌಂಡ್ ಕೆಳಗಿಳಿಸುವ ರೂಢಿ ಹೇಳಿದೆನಲ್ಲ, ಅದೇ ಒಂದು ದೊಡ್ಡ ಬಿಲ. ಯಾವ ಬ್ಯಾಂಕೂ ಅಂಥ ಬಡ್ಡಿ ವಸೂಲಿ ಮಾಡುವುದಿಲ್ಲ. ತಂಡ ಕಟ್ಟುವ ಜನರಲ್ ಮ್ಯಾನೇಜರ್ ಯಾಕೆ ಒಪ್ಪುತ್ತಾನೆ? ಈ ವರ್ಷ ಗೆಲ್ಲದಿದ್ದರೆ ಮರುವರ್ಷದ ಪಿಕ್ ಬಳಸುವವನು ಬೇರೆ ಯಾರೋ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಲೆಕ್ಕ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 12ರಿಂದ 3ಕ್ಕೆ ಏರಿ ಕ್ವಾರ್ಟರ್‌ಬ್ಯಾಕ್ ಟ್ರೇ ಲಾನ್ಸ್‌ನನ್ನು ಆರಿಸಿದಾಗ 2022 ಮತ್ತು 2023ರ ಎರಡು ಮೊದಲ ರೌಂಡ್ ಪಿಕ್, ಜೊತೆಗೊಂದು ಮೂರನೇ ರೌಂಡಿನದು ಹೋಯಿತು. ರೂಢಿಯ ಪ್ರಕಾರ ಕೆಳಗಿಳಿಸಿ ಕೂಡಿದರೆ ಕೊಟ್ಟದ್ದು 2200ಕ್ಕಿಂತ ಕಡಿಮೆ, ಅಂದರೆ ಅಗ್ಗದ ಮಾಲು! ಹೀಗೆ ಅಗ್ಗ ಅನ್ನಿಸಿದರೆ ತಕ್ಕಡಿಯನ್ನೇ ಅನುಮಾನಿಸಿ. ನನ್ನ ಸಲಹೆ: ನಿಮ್ಮ ಹಾಳೆಯಲ್ಲಿ ಮುಂದಿನ ವರ್ಷದ ಪಿಕ್ ಅನ್ನು ಅದೇ ರೌಂಡಿನ ನಡುವಿನ ಪಿಕ್ ಎಂದೇ ಬರೆಯಿರಿ. ತಂಡಕ್ಕೆ ಅದು ನಿಜವಾಗಿ ಕಳೆದುಹೋಗುವ ಬಂಡವಾಳ. ಮ್ಯಾನೇಜರನ ಆತುರಕ್ಕೆ ನೀವೇಕೆ ರಿಯಾಯಿತಿ ಕೊಡಬೇಕು?

ಲಾನ್ಸ್ ಅಲ್ಲಿ ಆರಂಭಿಸಿದ್ದು ನಾಲ್ಕೇ ಪಂದ್ಯ. 2023ರ ಆಗಸ್ಟ್‌ನಲ್ಲಿ ಡಲ್ಲಾಸ್‌ಗೆ ಒಂದು ನಾಲ್ಕನೇ ರೌಂಡ್ ಪಿಕ್‌ಗೆ ಹೋದ. ಅದೇ ಸ್ಯಾನ್ ಫ್ರಾನ್ಸಿಸ್ಕೋ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿಯನ್ನು ಆರಿಸಿತ್ತು. ಅವನು ತಂಡವನ್ನು ಸೂಪರ್ ಬೌಲ್‌ವರೆಗೆ ಒಯ್ದ. ಕೆಲವರು ಎರಡನ್ನೂ ಒಟ್ಟು ಹಾಕಿ ಸರಾಸರಿ ತೆಗೆಯುತ್ತಾರೆ. ತಪ್ಪು. ಒಂದು ನಿರ್ಧಾರ, ಇನ್ನೊಂದು ಅದೃಷ್ಟ. ಬೇರೆ ಬೇರೆ ಸಾಲಿನಲ್ಲೇ ಇರಲಿ.

ಮೂರನೇ ಕಾಲಂ, ಬೋರ್ಡ್. ಹತ್ತಾರು ವಿಶ್ಲೇಷಕರು ಡ್ರಾಫ್ಟ್‌ಗೆ ಮೊದಲು ಆಟಗಾರರ ಪಟ್ಟಿ ಪ್ರಕಟಿಸುತ್ತಾರೆ. ಅವುಗಳ ಸರಾಸರಿಯಲ್ಲಿ ಹುಡುಗ ಎಷ್ಟನೆಯವನು ಎಂದು ಬರೆಯಿರಿ. ತುಂಬಾ ಮುಂಚೆ ಆರಿಸಿದರೆ ರೀಚ್, ತಡವಾಗಿ ಸಿಕ್ಕರೆ ಸ್ಟೀಲ್. ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ ಸ್ಥಾನಗಳನ್ನು ಎಣಿಸುವುದು. 20ನೆಯವನನ್ನು 10ರಲ್ಲಿ ಆರಿಸಿದರೆ ಹತ್ತು ಸ್ಥಾನ. 220ನೆಯವನನ್ನು 180ರಲ್ಲಿ ಆರಿಸಿದರೆ ನಲವತ್ತು. ಯಾವುದು ದೊಡ್ಡ ತಪ್ಪು? ಅಂಕಕ್ಕೆ ಪರಿವರ್ತಿಸಿ ನೋಡಿ: ಮೊದಲನೆಯದು 1300ರಿಂದ 850, ನಷ್ಟ 450. ಎರಡನೆಯದು ಸುಮಾರು 19ರಿಂದ 3, ನಷ್ಟ 16. ನಾಲ್ಕನೇ ರೌಂಡ್ ದಾಟಿದ ಮೇಲೆ ರೀಚ್ ಎಂಬ ಪದವನ್ನೇ ಬಿಟ್ಟುಬಿಡಿ. ಸ್ಟೀಲ್ ಬಗ್ಗೆಯೂ ಎಚ್ಚರ ಬೇಕು. ಮೊದಲ ರೌಂಡಿನವನೆಂದು ಎಲ್ಲರೂ ಹೇಳಿದ ಹುಡುಗ ನಾಲ್ಕನೇ ರೌಂಡಿಗೆ ಜಾರಿದರೆ, ಮೂವತ್ತು ತಂಡಗಳ ವೈದ್ಯರು ಅವನ ಮೊಣಕಾಲಿನಲ್ಲಿ ಏನೋ ಕಂಡಿರುವ ಸಾಧ್ಯತೆ ಹೆಚ್ಚು. ಆ ವರದಿ ತಂಡಗಳ ಬಳಿ ಇರುತ್ತದೆ, ನಮ್ಮ ಬಳಿ ಇರುವುದಿಲ್ಲ.

ನಾಲ್ಕನೆಯದು ಆಡುವ ಸ್ಥಾನ. ರೂಕಿ, ಅಂದರೆ ಹೊಸ ಆಟಗಾರನ ಒಪ್ಪಂದ ನಾಲ್ಕು ವರ್ಷದ್ದು, ಮೊದಲ ರೌಂಡಿನವನಿಗೆ ಐದನೇ ವರ್ಷದ ಆಯ್ಕೆ ತಂಡದ ಕೈಯಲ್ಲಿ. ಹುಡುಗ ಯಾವ ಸ್ಥಾನದಲ್ಲಿ ಆಡಿದರೂ ಆ ಪಿಕ್‌ನ ಸಂಬಳ ಒಂದೇ, ಆದರೆ ಮಾರುಕಟ್ಟೆಯ ಸಂಬಳ ಒಂದೇ ಅಲ್ಲ. 2024ರ ಲೆಕ್ಕ ನೋಡಿ: ಎಸೆದ ಚೆಂಡು ಹಿಡಿಯುವ ರಿಸೀವರ್ ಜಸ್ಟಿನ್ ಜೆಫರ್‌ಸನ್‌ಗೆ ವರ್ಷಕ್ಕೆ 3.5 ಕೋಟಿ ಡಾಲರ್, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್ಯಾಫ್ರಿಗೆ 1.9 ಕೋಟಿ, ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ 6 ಕೋಟಿ. 12ನೇ ಪಿಕ್‌ಗೆ ನೀವು ವರ್ಷಕ್ಕೆ 45 ಲಕ್ಷ ಡಾಲರ್ ಹತ್ತಿರ ಕೊಡುತ್ತೀರಿ. ಅವನು ದೇಶದಲ್ಲೇ ಶ್ರೇಷ್ಠ ರನ್ನಿಂಗ್ ಬ್ಯಾಕ್ ಆದರೆ ತಂಡಕ್ಕೆ ಉಳಿಯುವುದು ಒಂದೂವರೆ ಕೋಟಿಗಿಂತ ಸ್ವಲ್ಪ ಕಡಿಮೆ. ಶ್ರೇಷ್ಠ ರಿಸೀವರ್ ಆದರೆ ಮೂರು ಕೋಟಿ. ಆ ಉಳಿತಾಯದಲ್ಲಿ ಇನ್ನೊಬ್ಬ ಒಳ್ಳೆಯ ಆಟಗಾರ ಬರುತ್ತಾನೆ. ಆದ್ದರಿಂದಲೇ ಕ್ವಾರ್ಟರ್‌ಬ್ಯಾಕ್, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಎಡ್ಜ್ ರಷರ್, ಅವನನ್ನು ತಡೆಯುವ ಟ್ಯಾಕಲ್, ರಿಸೀವರ್, ರಿಸೀವರ್‌ನ ಬೆನ್ನು ಹತ್ತುವ ಕಾರ್ನರ್‌ಗಳಿಗೆ ಮೊದಲ ರೌಂಡ್ ಸಲ್ಲುತ್ತದೆ. ರನ್ನಿಂಗ್ ಬ್ಯಾಕ್, ರಕ್ಷಣೆಯಲ್ಲಿ ಆಡುವ ಸೇಫ್ಟಿ, ಒಳಗಿನ ಲೈನ್‌ಬ್ಯಾಕರ್‌ಗಳಿಗೆ ಹುಬ್ಬೇರುತ್ತದೆ.

ಮತ್ತೆ ಡೆಟ್ರಾಯಿಟ್. 12ರಲ್ಲಿ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್, 18ರಲ್ಲಿ ಲೈನ್‌ಬ್ಯಾಕರ್ ಜ್ಯಾಕ್ ಕ್ಯಾಂಪ್‌ಬೆಲ್ ಬಂದಾಗ ಬಹಳ ಜನ ನಕ್ಕರು. 34ರಲ್ಲಿ ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಟೈಟ್ ಎಂಡ್ ಸ್ಯಾಮ್ ಲಪೋರ್ಟಾ, 45ರಲ್ಲಿ ಬ್ರಯನ್ ಬ್ರಾಂಚ್. ಆ ಸೀಸನ್‌ನಲ್ಲೇ ತಂಡ ಎನ್‌ಎಫ್‌ಸಿ (ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಫೈನಲ್ ಮುಟ್ಟಿ 34–31ರಲ್ಲಿ ಸೋತಿತು. ಲಪೋರ್ಟಾ 86 ಕ್ಯಾಚ್ ಹಿಡಿದ, ರೂಕಿ ಟೈಟ್ ಎಂಡ್‌ಗಳಲ್ಲಿ ಅಂದಿಗೆ ದಾಖಲೆ. ನಕ್ಕವರು ತಪ್ಪೇ? ಸ್ಥಾನದ ಕಾಲಂನಲ್ಲಿ ಅವರು ಹಾಕಿದ ಮೈನಸ್ ಸರಿಯೇ ಇತ್ತು. ಅದೊಂದೇ ಕಾಲಂನಿಂದ ಇಡೀ ಗ್ರೇಡ್ ಬರೆದದ್ದು ತಪ್ಪು. ಹಿಂದೆ ಈ ಕಾಲಂ ಹೆಚ್ಚಿನವರ ಹಾಳೆಯಲ್ಲಿ ಇರಲಿಲ್ಲ, ಈಗ ಕೆಲವರ ಹಾಳೆಯಲ್ಲಿ ಬೇರೇನೂ ಇಲ್ಲ.

ಇದರ ತಿರುಗಿದ ಮುಖ ಸಿಯಾಟಲ್, 2012. ಗ್ರೇಡ್‌ಗಳ ಇತಿಹಾಸದಲ್ಲೇ ದೊಡ್ಡ ಮುಖಭಂಗ ಎಂದು ಎಲ್ಲರೂ ಉದಾಹರಿಸುವುದು ಇದನ್ನೇ. 15ರಲ್ಲಿ ಬ್ರೂಸ್ ಇರ್ವಿನ್, 47ರಲ್ಲಿ ಬಾಬಿ ವ್ಯಾಗ್ನರ್, 75ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್. ಹಲವರು ಕೊಟ್ಟದ್ದು ತರಗತಿಯ ಕೊನೆಯ ಬೆಂಚಿನ ಗ್ರೇಡ್. ಎರಡು ವರ್ಷ ತುಂಬುವ ಮೊದಲೇ ತಂಡ ಡೆನ್ವರ್ ಮೇಲೆ 43–8ರಲ್ಲಿ ಸೂಪರ್ ಬೌಲ್ ಗೆದ್ದಿತು. ಆದರೆ ಟೀಕೆಯೆಲ್ಲ ತಪ್ಪಿರಲಿಲ್ಲ, ಬಿಡಿಸಿ ನೋಡಿ. 12ರಿಂದ 15ಕ್ಕೆ ಇಳಿದು 114 ಮತ್ತು 172 ಪಡೆದಿದ್ದರು: ಬಿಟ್ಟುಕೊಟ್ಟದ್ದು 150 ಅಂಕ, ಸಿಕ್ಕಿದ್ದು 90ಕ್ಕೂ ಕಡಿಮೆ. ಇರ್ವಿನ್ ಬೋರ್ಡ್‌ಗಳಲ್ಲಿ ಬಹಳ ಕೆಳಗಿದ್ದ. ಇವೆರಡೂ ಮೈನಸ್‌ಗಳೇ. ಎಡವಿದ್ದು ವಿಲ್ಸನ್ ವಿಷಯದಲ್ಲಿ. ಆರು ಅಡಿಯೂ ಇಲ್ಲ, ಆಗಷ್ಟೇ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಫ್ಲಿನ್‌ಗೆ ದುಡ್ಡು ಕೊಟ್ಟು ತಂದಿದ್ದಾರೆ, ಇವನ್ಯಾಕೆ ಎಂದರು. 75ನೇ ಪಿಕ್‌ನ ಬೆಲೆ 215 ಅಂಕ. ಸೋತರೆ ಹೋಗುವುದು ಅಷ್ಟೇ. ಗೆದ್ದರೆ ಸಿಗುವುದು ಆಟದ ಅತ್ಯಂತ ದುಬಾರಿ ಸ್ಥಾನ, ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 30 ಲಕ್ಷ ಡಾಲರ್‌ಗೆ. ಮೂರನೇ ರೌಂಡಿನ ಕ್ವಾರ್ಟರ್‌ಬ್ಯಾಕ್‌ಗೆ ಕೆಟ್ಟ ಗ್ರೇಡ್ ಕೊಡುವುದು ಯಾವತ್ತೂ ಕಷ್ಟ.

ಅಗತ್ಯದ ಕಾಲಂ ಐದನೆಯದು, ನನ್ನ ಹಾಳೆಯಲ್ಲಿ ಅತಿ ಸಣ್ಣದು. ದೆಹಲಿಯ ಕಥೆ ನೆನಪಿದೆಯಲ್ಲ? ಬ್ಯಾಟರ್‌ಗಳು ಸಾಕಷ್ಟಿದ್ದಾರೆ ಎಂಬುದು ಆ ವರ್ಷದ ಮಟ್ಟಿಗೆ ನಿಜ. ಡ್ರಾಫ್ಟ್ ಕೊಡುವುದು ನಾಲ್ಕೈದು ವರ್ಷದ ಆಟಗಾರನನ್ನು. ಆದ್ದರಿಂದ ಈ ವರ್ಷದ ಹನ್ನೊಂದರ ಪಟ್ಟಿ ಮುಚ್ಚಿಟ್ಟು, ಎರಡು ವರ್ಷದ ನಂತರ ಯಾರ ಒಪ್ಪಂದ ಮುಗಿಯುತ್ತದೆ, ಯಾರಿಗೆ ಮೂವತ್ತು ದಾಟುತ್ತದೆ ಎಂದು ನೋಡಿ. ಅಟ್ಲಾಂಟಾ 2024ರ ಮಾರ್ಚ್‌ನಲ್ಲಿ ಕರ್ಕ್ ಕಸಿನ್ಸ್‌ಗೆ 10 ಕೋಟಿ ಡಾಲರ್ ಖಾತರಿ ಕೊಟ್ಟು, ಏಪ್ರಿಲ್‌ನಲ್ಲಿ 8ನೇ ಪಿಕ್ ಅನ್ನು ಮೈಕಲ್ ಪೆನಿಕ್ಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಹಾಕಿದಾಗ ಊರೆಲ್ಲ ಬೈಯಿತು. ಡಿಸೆಂಬರ್‌ಗೆ ಕಸಿನ್ಸ್ ಬೆಂಚಿನ ಮೇಲಿದ್ದ. ನನ್ನ ಲೆಕ್ಕದಲ್ಲಿ ತಪ್ಪು ಮಾರ್ಚ್‌ನದು, ಏಪ್ರಿಲ್‌ನದಲ್ಲ.

ಇನ್ನು ಪಿಕ್‌ಗಳೇ ಇಲ್ಲದ ತಂಡಗಳು. ಲಾಸ್ ಏಂಜಲೀಸ್ ರ‍್ಯಾಮ್ಸ್ 2017ರಿಂದ 2023ರವರೆಗೆ ಮೊದಲ ರೌಂಡಿನಲ್ಲಿ ಒಬ್ಬನನ್ನೂ ಆರಿಸಲಿಲ್ಲ. ಎರಡು ಮೊದಲ ರೌಂಡ್ ಪಿಕ್ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ಗಾಗಿ ಡೆಟ್ರಾಯಿಟ್‌ಗೆ ಹೋದವು, ಸ್ಟಾಫರ್ಡ್ 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ತಂದುಕೊಟ್ಟ. ಹಾಗಾಗಿ ಹಾಳೆಯಲ್ಲಿ ಆ ಪಿಕ್‌ಗಳ ಎದುರು ಸ್ಟಾಫರ್ಡ್ ಹೆಸರೇ ಬರಬೇಕು, ಖಾಲಿ ಬಿಡಬಾರದು. ಅಂದಹಾಗೆ, ಡೆಟ್ರಾಯಿಟ್ ಅರಿಜೋನಾಕ್ಕೆ ಮಾರಿದ ಆ 6ನೇ ಪಿಕ್ ಇದೇ ರ‍್ಯಾಮ್ಸ್‌ನದು. ಗಿಬ್ಸ್, ಲಪೋರ್ಟಾ ಇಬ್ಬರೂ ಆ ಬೇರಿನ ಕಾಯಿಗಳು. ಇದಕ್ಕಿಂತ ವಿಚಿತ್ರವಾದದ್ದು ನ್ಯೂ ಇಂಗ್ಲೆಂಡ್‌ನ 2000: ಮೊದಲ ರೌಂಡ್ ಪಿಕ್ ಅನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟು ಕೋಚ್ ಬಿಲ್ ಬೆಲಿಚಿಕ್‌ನನ್ನು ತಂದರು. ಕೋಚ್‌ಗೆ ಯಾವ ಕಾಲಂನಲ್ಲಿ ಅಂಕ ಕೊಡುತ್ತೀರಿ? ಅದೇ ಡ್ರಾಫ್ಟ್‌ನ 199ನೇ ಪಿಕ್, ಮುಂದೆ ಆಟದ ಮಹಾತಾರೆಯಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಎಲ್ಲರೂ ನ್ಯೂ ಇಂಗ್ಲೆಂಡ್‌ನ ದೂರದೃಷ್ಟಿ ಹೊಗಳುತ್ತಾರೆ; ಬ್ರೇಡಿಗಿಂತ ಮೊದಲು ಅವರೇ ಬೇರೆ ಆರು ಜನರನ್ನು ಆರಿಸಿದ್ದರು. ಅಷ್ಟು ಖಚಿತವಿದ್ದವರು ಆರು ಬಾರಿ ಕಾಯುತ್ತಿದ್ದರೇ?

ಅಕ್ಷರ ಬರೆಯುವ ಹಂತದಲ್ಲಿ ಒಂದೇ ಒಂದು ಕಟ್ಟುನಿಟ್ಟು ಇರಲಿ. ಎಲ್ಲರಿಗೂ ಬಿ ಕೊಡುವ ಚಾಳಿ ಬಿಡಿ. 32 ತಂಡಗಳ ಅಂಕವನ್ನು ಮೇಲಿಂದ ಕೆಳಗೆ ಜೋಡಿಸಿ, ಮೇಲಿನ ಐದಾರಕ್ಕೆ ಎ, ಕೆಳಗಿನ ಐದಾರಕ್ಕೆ ಡಿ ಕಡ್ಡಾಯ. ಜೊತೆಗೆ ಕೈಯಲ್ಲಿದ್ದ ಒಟ್ಟು ಅಂಕದಿಂದ ಭಾಗಿಸಿ; ಇಲ್ಲದಿದ್ದರೆ ಮೊದಲ ಪಿಕ್ ಇದ್ದ ತಂಡಕ್ಕೆ ಏನೂ ಮಾಡದೆಯೇ ಎ ಬರುತ್ತದೆ.

ಈ ಕಸುಬಿನ ಹಿರಿಯ ಮೆಲ್ ಕೈಪರ್. 1994ರಲ್ಲಿ ಇಂಡಿಯಾನಾಪೊಲಿಸ್ 5ನೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್‌ನನ್ನು ಬಿಟ್ಟು ಲೈನ್‌ಬ್ಯಾಕರ್ ಟ್ರೆವ್ ಆಲ್ಬರ್ಟ್ಸ್‌ನನ್ನು ಆರಿಸಿದಾಗ ಅವರು ಟಿವಿಯಲ್ಲೇ ಜಾಡಿಸಿದರು. ತಂಡದ ಬಿಲ್ ಟೋಬಿನ್ ಅದೇ ಟಿವಿಯಲ್ಲಿ, ಈ ಕೈಪರ್ ಯಾರು ಎಂದು ಕೆಂಡ ಕಾರಿದರು. ಆಲ್ಬರ್ಟ್ಸ್ ಗಾಯಗಳಿಂದ ಮೂರೇ ಸೀಸನ್‌ಗೆ ಮುಗಿದ. ಡಿಲ್ಫರ್ ತನ್ನನ್ನು ಆರಿಸಿದ ಟ್ಯಾಂಪಾದಲ್ಲಿ ದೊಡ್ಡದೇನೂ ಆಗಲಿಲ್ಲ, ಬಾಲ್ಟಿಮೋರ್‌ಗೆ ಹೋಗಿ ಸೂಪರ್ ಬೌಲ್ ಗೆದ್ದ. ಟೋಬಿನ್ ಅದೇ ದಿನ 2ರಲ್ಲಿ ಆರಿಸಿದ್ದು ಮಾರ್ಷಲ್ ಫಾಕ್‌ನನ್ನು, ಮುಂದೆ ಹಾಲ್ ಆಫ್ ಫೇಮ್ ಸೇರಿದವನು. ಗೆದ್ದವರು ಯಾರು, ನೀವೇ ಹೇಳಿ.

ಹಾಳೆಯನ್ನು ಎಸೆಯಬೇಡಿ, ಮೂರು ಸೀಸನ್ ಆದ ಮೇಲೆ ತೆಗೆಯಿರಿ. ಆಗ ನೋಡಬೇಕಾದ್ದು: ಎಷ್ಟು ಆಟಗಳಲ್ಲಿ ಮೈದಾನದಲ್ಲಿದ್ದ, ಎರಡನೇ ಒಪ್ಪಂದ ಯಾರು ಎಷ್ಟಕ್ಕೆ ಕೊಟ್ಟರು, ಮೊದಲ ರೌಂಡಿನವನಾದರೆ ಐದನೇ ವರ್ಷದ ಆಯ್ಕೆ ತಂಡ ಬಳಸಿತೇ. ಆರಂಭಿಸಿದ ಪಂದ್ಯಗಳನ್ನಷ್ಟೇ ಎಣಿಸಿದರೆ ಮೋಸ ಹೋಗುತ್ತೀರಿ. ಸೋಲುವ ತಂಡದಲ್ಲಿ ಸಾಧಾರಣ ಹುಡುಗನೂ ಆರಂಭಿಸುತ್ತಾನೆ, ಯಾಕೆಂದರೆ ಬೇರೆ ಯಾರೂ ಇಲ್ಲ. ಅವನನ್ನು ಹೋಲಿಸಬೇಕಾದ್ದು ಅದೇ ಸಂಖ್ಯೆಯ ಆಸುಪಾಸಿನಲ್ಲಿ ಬೇರೆ ವರ್ಷಗಳಲ್ಲಿ ಆರಿಸಲ್ಪಟ್ಟವರ ಜೊತೆ. ಐದನೇ ವರ್ಷದ ಆಯ್ಕೆಯಂತೂ ತಂಡ ತನಗೆ ತಾನೇ ಕೊಟ್ಟುಕೊಳ್ಳುವ ಗ್ರೇಡ್, ಅದರಲ್ಲಿ ದಾಕ್ಷಿಣ್ಯ ಇರುವುದಿಲ್ಲ.

2017ರ ಆ ವ್ಯಾಪಾರವನ್ನೇ ಹೀಗೆ ತೆರೆದು ನೋಡಿ. 2020ರ ವಸಂತದಲ್ಲಿ ಶಿಕಾಗೋ ಟ್ರುಬಿಸ್ಕಿಯ ಐದನೇ ವರ್ಷವನ್ನು ತಿರಸ್ಕರಿಸಿತು. ಎದುರು ಬದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಅದೇ 3ನೇ ಪಿಕ್‌ನಲ್ಲಿ ಸಾಲೊಮನ್ ಥಾಮಸ್‌ನನ್ನು ಆರಿಸಿತ್ತು. ಅವನ ಐದನೇ ವರ್ಷವೂ ತಿರಸ್ಕೃತ. ಟ್ರೇಡ್‌ಗೆ ಎ, ಪಿಕ್‌ಗೆ ಡಿ. ಮತ್ತೆ ಶಿಕಾಗೋ ಚಿಲ್ಲರೆಯಂತೆ ಕೊಟ್ಟ ಆ 67? ಸ್ಯಾನ್ ಫ್ರಾನ್ಸಿಸ್ಕೋ ಅದನ್ನು ಇಟ್ಟುಕೊಳ್ಳಲಿಲ್ಲ, ನ್ಯೂ ಆರ್ಲಿಯನ್ಸ್‌ಗೆ ಮಾರಿತು. ನ್ಯೂ ಆರ್ಲಿಯನ್ಸ್ ಆ 255 ಅಂಕದ ಪಿಕ್‌ನಲ್ಲಿ ಆಲ್ವಿನ್ ಕಮಾರಾ ಎಂಬ ರನ್ನಿಂಗ್ ಬ್ಯಾಕ್‌ನನ್ನು ಆರಿಸಿತು. ಆ ವರ್ಷದ ಆಕ್ರಮಣ ವಿಭಾಗದ ಶ್ರೇಷ್ಠ ರೂಕಿ ಪ್ರಶಸ್ತಿ ಅವನಿಗೇ ಬಂತು.